ಅಜ್ಜಿಯ ರೇಷ್ಮೆ ಸೀರೆಗೆ ಕತ್ತರಿ ಹಾಕಬೇಡ

ಪುಟ್ಟಿ,

ಕಾಲೇಜಿನ ಪ್ರದರ್ಶನಕ್ಕೆ ಅಜ್ಜಿಯ ಮೊಳಕಾಲ್ಮೂರು ಸೀರೆ ಕತ್ತರಿಸಿ ಕೌದಿ ಹೊಲಿಯುತ್ತೀಯಂತೆ, ನಿಮ್ಮಪ್ಪ ಹೇಳಿದ. ಕೌದಿ ಹೊಲಿ, ತುಂಬಾ ಖುಷಿ. ಆ ಸೀರೆ ಮಾತ್ರ ಬೇಡ.

ಮದುವೆ ಸೀರೆ ಅನ್ನೋ ಮೋಹಕ್ಕೆ ಹೇಳುತ್ತಿಲ್ಲ. ಅವ್ವ ಅದನ್ನು ಉಟ್ಟಿದ್ದೇ ಕಡಿಮೆ, ಜಾಸ್ತಿ ಕಾಲ ಪೆಟ್ಟಿಗೆಯಲ್ಲೇ ಇತ್ತು. ಮಡಿಕೆ ಬಿದ್ದ ಕಡೆಯೆಲ್ಲ ರೇಷ್ಮೆ ಸೀಳಿದೆ, ಜರಿ ಸೂಜಿಗೆ ಸಿಕ್ಕಿದರೆ ಎಳೆ ಕಿತ್ತು ಬರುತ್ತದೆ. ಮೊಳಕಾಲ್ಮೂರು ಸೀರೆಗೆ ಜಿಐ ಮಾನ್ಯತೆ, ಅಂದರೆ ಆ ಊರಿನದೇ ಅನ್ನೋ ಸರ್ಕಾರಿ ಗುರುತು, ಇದೆ ನಿಜ, 1997ರಲ್ಲಿ ಚಿತ್ರದುರ್ಗದಿಂದ ದಾವಣಗೆರೆ ಬೇರೆ ಜಿಲ್ಲೆಯಾಗುವ ತನಕ ಅದು ನಮ್ಮ ಜಿಲ್ಲೆಯದೇ ಸೀರೆ ಅನ್ನೋದೂ ನಿಜ, ಆದರೆ ಸೂಜಿಗೆ ಇದೆಲ್ಲ ಗೊತ್ತಾಗುವುದಿಲ್ಲ. ಕೌದಿಗೆ ಬೇಕಾದದ್ದು ಉಟ್ಟು, ಒಗೆದು, ಮೆತ್ತಗಾದ ಹತ್ತಿ ಬಟ್ಟೆ. ನಾಲ್ಕೈದು ಪದರ ಹಾಕಿದರೂ ಸೂಜಿ ಸಲೀಸಾಗಿ ಇಳಿಯಬೇಕಲ್ವಾ.

ಪ್ರದರ್ಶನಕ್ಕೆ ನೀನು ಬರೆದ ಟಿಪ್ಪಣಿಯನ್ನೂ ಓದಿದೆ. ಸಂಸ್ಕೃತಿ, ಬೇರು, ಪರಂಪರೆ ಎಲ್ಲ ಇದೆ. ಹತ್ತಿ ಗಿರಣಿ ಮಾತ್ರ ಇಲ್ಲ! ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರಾದ ಈ ಊರಲ್ಲಿ ನಿಮ್ಮಜ್ಜ ರಾತ್ರಿ ಪಾಳಿ ಮುಗಿಸಿ, ಖಾಕಿ ಅಂಗಿಯ ತುಂಬ ಅರಳೆಯ ಧೂಳು ಮೆತ್ತಿಕೊಂಡು, ಕೆಮ್ಮುತ್ತಾ ಮನೆಗೆ ಬರುತ್ತಿದ್ದರು, ಅವ್ವ ಆ ಅಂಗಿಯನ್ನು ಅಂಗಳದಲ್ಲೇ ಕೊಡವಿ ಆಮೇಲೆ ಒಳಗೆ ತರುತ್ತಿದ್ದಳು. ನಾವು ಉಂಡ ಅನ್ನ ಆ ಧೂಳಿನದು. ಆಮೇಲೆ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಆ ಅಂಗಿ ಹಾಕು. ಅವ್ವ ದಿನಾ ಉಡುತ್ತಿದ್ದ ಹತ್ತಿ ಸೀರೆ ಹಾಕು, ಅಡುಗೆ ಮನೆಯ ಕರೆ ಇದ್ದರೆ ಇರಲಿ.

ಲಂಬಾಣಿ ಕನ್ನಡಿ ಕಸೂತಿ ಅಂಟಿಸುವ ಯೋಚನೆ ಬಿಟ್ಟುಬಿಡು. ಚೆಂದ ಕಾಣುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಅದು ತಾಂಡಾದ ಹೆಂಗಸರ ಕೈಕೆಲಸ, ಅವರ ಮನೆತನದ ಕಥೆ. ಸುಮ್ನೆ ಹೊಳಪಿಗೆ ಅಂತ ತಂದು ನಮ್ಮ ಮನೆಯ ನೆನಪು ಅಂದರೆ ಹೇಗೆ?

ಅಜ್ಜಿಗೆ ನೆನಪು ಗಟ್ಟಿ ಇರುವಾಗಲೇ ಯಾವ ತುಂಡು ಯಾರದು ಅಂತ ಕೇಳಿಕೋ. ಫೋನ್ ಎದುರಿಗಿಟ್ಟು ರೆಕಾರ್ಡ್ ಮಾಡಲು ಕೂತರೆ ಬಾಯಿ ಬಿಡುವುದಿಲ್ಲ, ಅವಳ ಜೊತೆ ಅವರೆಕಾಯಿ ಸುಲಿಯುತ್ತಾ ಕೇಳು, ತಾನಾಗೇ ಹೇಳುತ್ತಾಳೆ. ಹೇಳಿದ್ದನ್ನು ಬಿಳಿ ಬಟ್ಟೆಯ ಪಟ್ಟಿಗಳ ಮೇಲೆ ಬರೆದು ಕೌದಿಯ ಹಿಂಬದಿಗೆ ಹೊಲಿ. ಮುಂದೆ ಹೊಲಿದರೆ ಜನ ಬಟ್ಟೆ ಬಿಟ್ಟು ಅದನ್ನೇ ಓದುತ್ತಾ ನಿಲ್ಲುತ್ತಾರೆ.

ರೇಷ್ಮೆ ಸೀರೆಯನ್ನು ಹಳೇ ಹತ್ತಿ ಪಂಚೆಯಲ್ಲಿ ಸುತ್ತಿಡು, ಆಗಾಗ ಮಡಿಕೆ ಬದಲಿಸು. ನುಸಿ ಗುಳಿಗೆ ಜರಿಗೆ ತಾಗಬಾರದು.

ಅಜ್ಜನ ಅಂಗಿ ನನ್ನ ಹತ್ತಿರವೇ ಇದೆ. ಭಾನುವಾರ ಬಾ, ಊಟ ಮಾಡಿಕೊಂಡು ತಗೊಂಡು ಹೋಗು.

ನಿನ್ನ ಅತ್ತೆ
ದಾವಣಗೆರೆ