ಭಾನುವಾರದ ಮಾತುಕತೆಗೆ ಈ ತಿಂಗಳ ಕಾದಂಬರಿ

ಎಲ್ಲರಿಗೂ ನಮಸ್ಕಾರ. ಭಾನುವಾರ ಸಂಜೆ 5ಕ್ಕೆ ಧಾರವಾಡದ ಸಾಧನಕೇರಿ ಉದ್ಯಾನದಲ್ಲಿ ಸೇರೋಣ. ಹುಬ್ಬಳ್ಳಿಯವರು ಚಿಗರಿ ಬಸ್ಸಿನಲ್ಲಿ ಬಂದು ಜುಬಿಲಿ ಸರ್ಕಲ್‌ನಿಂದ ಆಟೋ ಹಿಡಿಯಬಹುದು.

ನನಗಂತೂ ಈ ಕಾದಂಬರಿ ತುಂಬಾ ಹಿಡಿಸಿತು. ಮದುವೆ ನಿಶ್ಚಯ ಮುರಿದುಬಿದ್ದ ಹುಡುಗಿ, ಅಜ್ಜಿ ತನ್ನ ಹೆಸರಿಗೆ ಬರೆದಿಟ್ಟು ಹೋದ ಮನೆಗೆ ಬರುತ್ತಾಳೆ. ಅವಳನ್ನು ಯಾರೂ ಅವಸರ ಮಾಡಿ ನಗಿಸುವುದಿಲ್ಲ. ಮನಸಾರೆ ಅಳಲು ಬಿಡುತ್ತಾರೆ. ಹೊಸ ಪ್ರೀತಿ ಬರುವುದು ಆಮೇಲೆ, ಅದೂ ಮೆಲ್ಲಗೆ. ದಿನವಿಡೀ ದಣಿದು ರಾತ್ರಿ ಓದಲು ಕೂತವರಿಗೆ ಇಂಥ ಪುಸ್ತಕ ಬೇಕೇ ಬೇಕು.

ನಾವು ಜಾಸ್ತಿ ಮಾತಾಡಬೇಕಾದದ್ದು, ಮನೆ ಅವಳಿಗೆ ಹೋಯಿತೆಂಬ ಸೋದರಮಾವನ ಸಿಟ್ಟಿನ ಬಗ್ಗೆ. ಅದು ಅಜ್ಜಿ ತಾನೇ ದುಡಿದು ಕಟ್ಟಿದ ಮನೆ. ನಮ್ಮ ಕಾನೂನಿನಲ್ಲೂ ಹಿಂದೂಗಳು ಸ್ವಂತ ಗಳಿಕೆಯನ್ನು ಯಾರಿಗೆ ಬೇಕಾದರೂ ಮೃತ್ಯುಪತ್ರ ಬರೆದು ಕೊಡಬಹುದು. ಇಬ್ಬರು ಸಾಕ್ಷಿಗಳ ಸಹಿ ಬೇಕು. ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯ ಲೆಕ್ಕ ಬೇರೆ. ಕರ್ನಾಟಕದಲ್ಲಿ ಮದುವೆಯಾಗದ ಹೆಣ್ಣುಮಕ್ಕಳಿಗೆ 1994ರಲ್ಲೇ ಸಮಪಾಲು ಬಂತು. 2005ರ ತಿದ್ದುಪಡಿಯಿಂದ ಮದುವೆಯಾದವರಿಗೂ ಸಿಕ್ಕಿತು. ಆದರೂ ತವರು ಉಳಿಯಲಿ ಅಂತ ಎಷ್ಟೋ ಅಕ್ಕತಂಗಿಯರು ಸುಮ್ನೆ ಹಕ್ಕು ಬಿಟ್ಟುಕೊಡುತ್ತಾರೆ, ಅಲ್ವಾ? ಈ ಹುಡುಗಿ ಮನೆಯನ್ನೂ ಬಿಡುವುದಿಲ್ಲ, ಮಾವನನ್ನೂ ಬಿಡುವುದಿಲ್ಲ. ಅವರಿಬ್ಬರೂ ಅಡುಗೆಮನೆಯಲ್ಲಿ ಮಾತಾಡುವ ಅಧ್ಯಾಯವನ್ನು ಯಾರಾದರೂ ಜೋರಾಗಿ ಓದಿದರೆ ಚೆನ್ನ.

ಇನ್ನೂ ಮುಗಿಸದವರು ಇದ್ದಾರೆ. ಕೊನೆಯಲ್ಲಿ ಏನಾಯಿತು ಅಂತ ಇಲ್ಲಿ ಬರೆಯಬೇಡಿ. ಪ್ರತಿ ಬೇಕಾದವರು ಶುಕ್ರವಾರದೊಳಗೆ ತಿಳಿಸಿ.