ಒಡ್ಡು ಹಾಕಿದ್ದೀರಿ, ಕೋಡಿ ಎಲ್ಲಿ?

ಮಾನ್ಯ ಸಂಪಾದಕರೇ,

ತುಂಗಭದ್ರಾ ಜಲಾಶಯದ ಹೂಳಿನ ಮಾತು ಪ್ರತಿ ಮುಂಗಾರಿಗೂ ಏಳುತ್ತದೆ. 1953ರಲ್ಲಿ ಸುಮಾರು 133 ಟಿಎಂಸಿ ಅಡಿ ನೀರು ಹಿಡಿಯುತ್ತಿದ್ದದ್ದು ಈಗ 105ರ ಆಸುಪಾಸಿಗೆ ಇಳಿದಿದೆ. ಆ ಹೂಳು ಬಹುಪಾಲು ಮೇಲಿನ ಜಿಲ್ಲೆಗಳದ್ದು. ನಮ್ಮ ಯಲಬುರ್ಗಾ, ಕುಷ್ಟಗಿ, ಲಿಂಗಸುಗೂರು ಹೊಲಗಳ ಮಣ್ಣು ಹಳ್ಳ ಸೇರುವುದನ್ನು ಮಾತ್ರ ಲೆಕ್ಕ ಇಡುವವರಿಲ್ಲ. ಎಕರೆಯಲ್ಲಿ ಒಂದೇ ಮಿಲಿಮೀಟರ್ ಪದರ ಕೊಚ್ಚಿಹೋದರೂ ಅದು 4 ಘನ ಮೀಟರ್, ಹತ್ತಿರಹತ್ತಿರ 5 ಟನ್ ಮಣ್ಣು.

ಎರೆ (ಕರಿಮಣ್ಣಿನ) ಹೊಲದ ಕಷ್ಟವೇ ಬೇರೆ. ಹಿಂಗಾರಿ ಜೋಳ, ಕಡಲೆಗೆಂದು ಸೆಪ್ಟೆಂಬರ್‌ವರೆಗೂ ಬರಿದಾಗಿ ಬಿಟ್ಟಿರುತ್ತೇವೆ. ಜೋರು ಮಳೆ ಬೀಳುವುದೂ ಆಗಲೇ. ಹನಿಯ ಹೊಡೆತಕ್ಕೆ ಹೆಂಟೆ ಒಡೆದು, ಮಣ್ಣು ಉಬ್ಬಿ ಸಂದು ಮುಚ್ಚಿ, ನೀರು ಇಂಗದೆ ಹರಿಯುತ್ತದೆ. ಮಳೆ ನಿಂತಮೇಲೆ ಬಗ್ಗಿ ನೋಡಿ, ಒಂದೊಂದು ಹರಳೂ ಪುಟ್ಟ ಮಣ್ಣಿನ ಪೀಠದ ಮೇಲೆ ಕೂತಿರುತ್ತದೆ. ಆ ಪೀಠದೆತ್ತರದ ಮಣ್ಣು ಸುತ್ತಲಿಂದ ಹೋಗಿರುತ್ತದೆ. ವರ್ಷಗಟ್ಟಲೆ ಹೀಗಾದರೆ ಹೊಲದ ಏರಿನಲ್ಲಿ ಬಿಳಿ ಸುಣ್ಣಕಲ್ಲು ಎದ್ದು, ತಗ್ಗಿನಲ್ಲಿ ಕರಿಮಣ್ಣು ದಪ್ಪಗಾಗುತ್ತದೆ.

ಇದಕ್ಕೆ ಮದ್ದೆಂದು ಎಷ್ಟೋ ಕಡೆ ಕಾಮಗಾರಿಯವರು ಹೊಲದ ಗಡಿಗುಂಟ ಎತ್ತರದ ಒಡ್ಡು ಹಾಕಿ ಕೈತೊಳೆದುಕೊಳ್ಳುತ್ತಾರೆ. ಎರೆಮಣ್ಣಿನ ಒಡ್ಡು ಬೇಸಿಗೆಯಲ್ಲಿ ಆರಪಾರ ಬಿರಿಯುತ್ತದೆ. ಮೊದಲ ದೊಡ್ಡ ಮಳೆಯ ನೀರು ಆ ಬಿರುಕಿಗೆ ನುಗ್ಗಿ ಒಡ್ಡು ಕಿತ್ತರೆ, ನಿಂತ ನೀರೆಲ್ಲ ಒಂದೇ ಕಡೆ ಧುಮುಕಿ ಕೊರಕಲು ಬೀಳುತ್ತದೆ. ಕೊರಕಲು ಬೆಳೆಯುವುದು ಏರಿನ ಕಡೆಗೆ: ನೀರು ಬೀಳುವ ಬುಡ ಸವೆದು, ಮೇಲಿನ ದಂಡೆ ಕುಸಿಯುತ್ತಾ ಹೋಗುತ್ತದೆ. ಗಡಿ ನೋಡಿ ಅಲ್ಲ, ಸಮಪಾತಳಿಗೆ (ಒಂದೇ ಮಟ್ಟದ ಗೆರೆಗೆ) ತುಸು ಇಳಿಜಾರು ಕೊಟ್ಟು ಒಡ್ಡು ಹಾಕಬೇಕು. ಹೆಚ್ಚಾದ ನೀರು ಹೊರಹೋಗುವ ಕೋಡಿಗೆ ಕಲ್ಲು ಕಟ್ಟಬೇಕು, ನೀರು ಬೀಳುವ ಜಾಗಕ್ಕೂ ಕಲ್ಲು ಹಾಸಬೇಕು.

ಒಡ್ಡುಗಳ ನಡುವೆ ಮಳೆನೀರು ನಿಂತು ಇಂಗಲು ಚೌಕಮಡಿ ಬೇಕೇಬೇಕು. ಬಳ್ಳಾರಿಯಲ್ಲಿ 1954ರಿಂದ ಮಣ್ಣು ಸಂರಕ್ಷಣೆಯ ಸಂಶೋಧನಾ ಕೇಂದ್ರವೇ ಇದೆ. ಅಲ್ಲಿಂದ ರೈತರಿಗೆ ಬಂದ ಸಲಹೆಯೂ ಇದೇ. ಜುಲೈನಲ್ಲಿ ಹರಗಿ, 10 ಅಡಿಗೆ 10 ಅಡಿ ಮಡಿ, ಅರ್ಧ ಅಡಿ ಎತ್ತರದ ಬದು. ಬಿತ್ತುವ ಮುಂದೆ ಕುಂಟೆ ಹೊಡೆದು ಬದು ಸಮ ಮಾಡಿದರೆ ಸಾಕು.

ಬಿದ್ದ ಕೊರಕಲಿಗೆ ಕಲ್ಲಿನ ತಡೆ ಕಟ್ಟುವಾಗ ನಡು ಒಂದು ಗೇಣು ತಗ್ಗಿರಲಿ. ಸಮ ಕಟ್ಟಿದರೆ ನೀರು ಪಕ್ಕದ ದಂಡೆ ಕೊರೆದು ತಡೆಯನ್ನೇ ಸುತ್ತುಬಳಸಿ ಹೋಗುತ್ತದೆ. ಮೇಲಿನ ತಡೆಯ ಬುಡಕ್ಕೆ ಕೆಳಗಿನ ತಡೆಯ ತಲೆ ಸಮ ಬರುವಂತೆ ಅಂತರ ಹಿಡಿಯಿರಿ.

ಬರುವ ವರ್ಷದ ಕಾಮಗಾರಿಯ ಅಂದಾಜುಪಟ್ಟಿಯಲ್ಲಿ ಕೋಡಿಯ ಕಲ್ಲಿಗೂ ಹಣ ಬರೆಯಲಿ. ಒಂದು ದೊಡ್ಡ ಮಳೆ ಕಳೆದಮೇಲೆ ಒಡ್ಡು ನೋಡಿ ಕೊನೆಯ ಬಿಲ್ ಕೊಡಲಿ.

– ಒಬ್ಬ ಓದುಗ, ಯಲಬುರ್ಗಾ