ಕಾರಿನ ಎಸಿ ದುರ್ವಾಸನೆ ನಿವಾರಿಸದೆ ಹಣ ಪಡೆದಿರುವ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು, ಸೇವಾ ವಿಭಾಗ,
ಕಾರು ಸರ್ವಿಸ್ ಕೇಂದ್ರ, ಕಲಬುರಗಿ.

ವಿಷಯ: ಎಸಿ ಗಾಳಿಕಿಂಡಿಗಳಿಂದ ಬರುವ ಮುಗ್ಗಲು ವಾಸನೆಯನ್ನು ಸರಿಪಡಿಸಿಕೊಡುವ ಹಾಗೂ ಮಾಡದ ಕೆಲಸಕ್ಕೆ ಪಡೆದ ಹಣವನ್ನು ಮರಳಿಸುವ ಕುರಿತು.

ಮಾನ್ಯರೇ,

ಕಳೆದ ತಿಂಗಳು ನನ್ನ ಕಾರನ್ನು ತಮ್ಮಲ್ಲಿ ಸರ್ವಿಸ್‌ಗೆ ಬಿಡುವಾಗ, ಎಸಿ ಹಾಕಿದ ಕೂಡಲೇ ಗಾಳಿಕಿಂಡಿಗಳಿಂದ ಮುಗ್ಗಲು ವಾಸನೆ ಬರುತ್ತಿದೆ ಎಂದು ಜಾಬ್ ಕಾರ್ಡಿನಲ್ಲಿ ಮೊದಲ ದೂರಾಗಿ ಬರೆಸಿದ್ದೆ. ಬಿಲ್ಲಿನಲ್ಲಿ, ಒಳಗೆ ಬರುವ ಗಾಳಿಯನ್ನು ಸೋಸುವ ಕ್ಯಾಬಿನ್ ಫಿಲ್ಟರಿನ ಬದಲಾವಣೆಗೂ ಎಸಿ ಕ್ರಿಮಿಶುದ್ಧಿಗೂ ಪ್ರತ್ಯೇಕವಾಗಿ ಹಣ ಹಾಕಿದ್ದೀರಿ. ಅದನ್ನು ಪೂರ್ತಿ ಪಾವತಿಸಿದ್ದೇನೆ. ಗಾಡಿ ಕೈಗೆ ಬಂದಾಗ ಒಳಗೆಲ್ಲ ನಿಂಬೆಯ ಸುಗಂಧ ತುಂಬಿತ್ತು. ವಾರ ತುಂಬುವಷ್ಟರಲ್ಲಿ ಆ ಸುಗಂಧ ಹೋಯಿತು, ಮುಗ್ಗಲು ಹಾಗೇ ಉಳಿಯಿತು, ಈಗ ಮೊದಲಿಗಿಂತ ಹೆಚ್ಚಾಗಿದೆ.

ಮತ್ತೆ ಬಂದು ವಿಚಾರಿಸಿದರೆ ತಮ್ಮ ಸಲಹೆಗಾರರು, “ಮಳಿಗಾಲದಾಗ ಎಲ್ಲಾ ಗಾಡಿಗೂ ಇಷ್ಟ್ ವಾಸನಿ ಬರೋದೇರಿ, ಒಂದು ಪರ್ಫ್ಯೂಮ್ ಇಟ್ಟುಬಿಡ್ರಿ” ಎಂದು ಹೇಳಿ ಕಳಿಸಿದರು. ಬಾನೆಟ್ ಕೂಡ ಎತ್ತಿ ನೋಡಲಿಲ್ಲ. ಹೀಗಾಗಿ ಮನೆಗೆ ಬಂದು ಗ್ಲೋವ್ ಬಾಕ್ಸ್ ಕಳಚಿ ಅದರ ಹಿಂದಿನ ಫಿಲ್ಟರನ್ನು ನಾನೇ ಹೊರತೆಗೆದೆ. ಹೊಸದೆಂದು ಹಣ ಪಡೆದ ಆ ಫಿಲ್ಟರಿನ ಮಡಿಕೆಗಳು ಕಪ್ಪಾಗಿದ್ದವು. ನಡುವೆ ತೊಗರಿಯ ಹೊಟ್ಟು, ಕೊಳೆತ ಬೇವಿನ ಎಲೆ ಸಿಕ್ಕಿಕೊಂಡಿದ್ದವು. ನಮ್ಮ ಭಾಗದಲ್ಲಿ ತೊಗರಿ ರಾಶಿ ನಡೆಯುವುದು ಡಿಸೆಂಬರ್, ಜನವರಿಯ ಸುಮಾರಿಗೆ ಎಂಬುದು ತಮಗೂ ಗೊತ್ತು. ಮಳೆಗಾಲದಲ್ಲಿ ಹಾಕಿದ ಫಿಲ್ಟರಿನಲ್ಲಿ ಆ ಹೊಟ್ಟು ಹೇಗೆ ಬಂತು ಎಂಬುದಕ್ಕೆ ತಾವೇ ಉತ್ತರಿಸಬೇಕು.

ಎಸಿ ಓಡುವಾಗ ಡ್ಯಾಶ್‌ಬೋರ್ಡಿನ ಒಳಗಿರುವ ಕೂಲಿಂಗ್ ಕಾಯಿಲ್ ಮೇಲೆ ಗಾಳಿಯ ತೇವ ನೀರಾಗಿ ಇಳಿದು, ಸಣ್ಣ ಡ್ರೈನ್ ಪೈಪಿನ ಮೂಲಕ ಗಾಡಿಯ ಕೆಳಗೆ ತೊಟ್ಟಿಕ್ಕಬೇಕು. ಕಲಬುರಗಿ, ಸೇಡಂ ನಡುವೆ ಓಡಾಡುವ ಗಾಡಿಗೆ ಬೇಸಿಗೆಯುದ್ದಕ್ಕೂ ಒಣಧೂಳು ಬಡಿಯುತ್ತದೆ. ಫಿಲ್ಟರ್ ತಡೆಯದೆ ಬಿಟ್ಟ ಧೂಳು ಕಾಯಿಲ್ ಮೇಲೆ ಕೂರುತ್ತದೆ. ಮುಂಗಾರು ಹಿಡಿದು ಹವೆಯಲ್ಲಿ ತೇವ ಏರಿದಾಗ ಅದೇ ಧೂಳು ಒದ್ದೆಯಾಗಿ, ಕತ್ತಲಲ್ಲಿ ಆರದೆ ಉಳಿದು, ಅಲ್ಲಿ ಬೂಷ್ಟು ಮತ್ತು ಬ್ಯಾಕ್ಟೀರಿಯಾ ಬೆಳೆಯುತ್ತವೆ. ಮುಗ್ಗಲು ವಾಸನೆಯ ಮೂಲ ಇದು. ನನ್ನ ಗಾಡಿಯ ಕೆಳಗೆ ಈಗ ಎಷ್ಟು ಹೊತ್ತು ಎಸಿ ಓಡಿಸಿದರೂ ಒಂದು ಹನಿ ನೀರು ಬೀಳುವುದಿಲ್ಲ, ಬದಲಿಗೆ ಎಡಗಡೆ ಮುಂದಿನ ಸೀಟಿನ ಕಾಲಡಿಯ ಮ್ಯಾಟ್ ಎತ್ತಿದರೆ ಕೆಳಗಿನ ಕಾರ್ಪೆಟ್ ಹಸಿಯಾಗಿದೆ. ಡ್ರೈನ್ ಪೈಪ್ ಕಟ್ಟಿಕೊಂಡಿದೆ ಎನ್ನಲು ಇದಕ್ಕಿಂತ ಬೇರೆ ಗುರುತು ಬೇಕಿಲ್ಲ. ಕ್ರಿಮಿಶುದ್ಧಿಯ ಹೆಸರಿನಲ್ಲಿ ಹಣ ಪಡೆದವರು ಇದನ್ನೇ ಮೊದಲು ನೋಡಬೇಕಿತ್ತು.

ವಾಸನೆ ಎಂಥದ್ದು ಎಂದು ಕೂಡ ತಮ್ಮಲ್ಲಿ ಯಾರೂ ನನ್ನನ್ನು ಕೇಳಲಿಲ್ಲ. ಗಾಳಿ ಊದುವ ಬ್ಲೋವರಿನಲ್ಲಿ ಇಲಿ ಸತ್ತ ನಾತ ಬೇರೆ, ಎಂಜಿನ್ ತಂಪಾಗಿಡುವ ಕೂಲಂಟ್ ದ್ರವ ಸೋರಿದಾಗಿನ ಸಿಹಿ ವಾಸನೆ ಬೇರೆ, ವೈರು ಸುಟ್ಟ ಕಮಟು ಬೇರೆ. ಒಂದೊಂದಕ್ಕೂ ದುರಸ್ತಿ ಬೇರೆ, ಕೆಲವು ಅಪಾಯಕಾರಿಯೂ ಹೌದು. ಎಲ್ಲಕ್ಕೂ ಒಂದೇ ಸುಗಂಧ ಸಿಂಪಡಿಸಿ ಕಳಿಸುವ ಪದ್ಧತಿ ಗ್ರಾಹಕರ ಆರೋಗ್ಯದೊಂದಿಗೆ ಆಡುವ ಆಟ. ನನ್ನ ತಾಯಿಯವರಿಗೆ ದಮ್ಮಿನ ತೊಂದರೆ ಇದೆ. ಎಸಿ ಹಾಕಿದರೆ ಕೆಮ್ಮು ಹತ್ತುತ್ತದೆ, ಕಿಟಕಿ ಇಳಿಸಿದರೆ ರಸ್ತೆಯ ಧೂಳು. ಅವರನ್ನು ಆಸ್ಪತ್ರೆಗೆ ಕರೆದೊಯ್ಯಲೆಂದೇ ಇರುವ ಗಾಡಿ ಅವರಿಗೇ ಉಪಯೋಗವಾಗದಂತಾಗಿದೆ. ಇಳಿಯುವ ಮೂರ‍್ನಾಲ್ಕು ನಿಮಿಷ ಮೊದಲು ಎಸಿ ಬಂದ್ ಮಾಡಿ ಬರೀ ಬ್ಲೋವರ್ ಓಡಿಸಿದರೆ ಕಾಯಿಲ್ ಒಣಗುತ್ತದೆ ಎಂಬ ಖರ್ಚಿಲ್ಲದ ಸಲಹೆಯನ್ನಾದರೂ ತಮ್ಮವರು ಕೊಡಬಹುದಿತ್ತು. ಅದು ನನಗೆ ಸಿಕ್ಕಿದ್ದು ಪರಿಚಯದ ಮೆಕ್ಯಾನಿಕ್ ಒಬ್ಬರಿಂದ.

ಆದ್ದರಿಂದ ಈ ಪತ್ರ ತಲುಪಿದ 15 ದಿನಗಳೊಳಗೆ ತಾವು ಡ್ರೈನ್ ಪೈಪನ್ನು ಬಿಡಿಸಿ, ಕೂಲಿಂಗ್ ಕಾಯಿಲನ್ನು ಅದಕ್ಕೆಂದೇ ಇರುವ ಫೋಮಿನಿಂದ ತೊಳೆದು, ಹಸಿ ಕಾರ್ಪೆಟ್ ತೆಗೆದು ಒಣಗಿಸಿ, ಹೊಸ ಫಿಲ್ಟರನ್ನು ನನ್ನ ಕಣ್ಣೆದುರಿಗೆ ಹಾಕಿಕೊಡಬೇಕು. ಇದಕ್ಕೆ ಮತ್ತೆ ಹಣ ಕೇಳಬಾರದು. ಹಿಂದೆ ಬದಲಿಸದ ಫಿಲ್ಟರಿಗೆ ಮತ್ತು ನಡೆಯದ ಕ್ರಿಮಿಶುದ್ಧಿಗೆ ಪಡೆದ ಮೊತ್ತವನ್ನು ಮರಳಿಸಬೇಕು, ಮಾಡಿದ ಕೆಲಸದ ವಿವರವನ್ನು ಬರಹದಲ್ಲಿ ಕೊಡಬೇಕು.

ಮಾಡದ ಕೆಲಸಕ್ಕೆ ಬಿಲ್ ಹಾಕುವುದು ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಪ್ರಕಾರ ಸೇವಾ ನ್ಯೂನತೆ ಮತ್ತು ಅನುಚಿತ ವ್ಯಾಪಾರ ಪದ್ಧತಿ ಎಂಬುದು ನನ್ನ ಸ್ಪಷ್ಟ ನಿಲುವು. ಗಡುವಿನೊಳಗೆ ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸಿ, ಬಳಿಕ ಕಲಬುರಗಿ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ಹೋಗುತ್ತೇನೆ. ಬಿಲ್ ಮತ್ತು ಜಾಬ್ ಕಾರ್ಡಿನ ಪ್ರತಿ, ಫಿಲ್ಟರ್ ಹಾಗೂ ಹಸಿ ಕಾರ್ಪೆಟ್ಟಿನ ಫೋಟೋಗಳನ್ನು ಲಗತ್ತಿಸಿದ್ದೇನೆ. ಹಳೆಯ ಫಿಲ್ಟರನ್ನು ನನ್ನಲ್ಲೇ ಇಟ್ಟುಕೊಂಡಿದ್ದು, ತಾವು ಕೇಳಿದಾಗ ತಂದು ತೋರಿಸುತ್ತೇನೆ.

ಇಂತಿ,
ತಮ್ಮ ಗ್ರಾಹಕ,
ಕಲಬುರಗಿ.